ಗೆರೆ ಮುಟ್ಟದ ರಕ್ತ

ರಾದೊಯ್ಕಾ: ವಾಪಸ್ ತಗೊಂಡು ಹೋಗಲ್ಲ. ಆ ಕೂಸಿಗೆ ಮತ್ತೆ ಸೂಜಿ ಚುಚ್ಚೋಕೆ ನನ್ನಿಂದಾಗಲ್ಲ. ಇಷ್ಟು ರಕ್ತದಲ್ಲೇ ಪರೀಕ್ಷೆ ಮಾಡಿ.

ಸ್ವೆತೋಜಾರ್: ಗೆರೆ ಮುಟ್ಟಿಲ್ಲ ಸಿಸ್ಟರ್. ಗೆರೆ ಅಂದ್ರೆ ಗೆರೆ.

ತಿಸಾ ನದಿ ದಂಡೆಯ ಆ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಸ್ವೆತೋಜಾರ್ ಇಪ್ಪತ್ತಾರು ವರ್ಷದಿಂದ ಯಜಮಾನ. ತುಂಬಬೇಕಾದ ಗೆರೆಗಿಂತ ಎಷ್ಟೋ ಕೆಳಗೆ, ತಳದಲ್ಲಷ್ಟೇ ರಕ್ತವಿದ್ದ ನಳಿಕೆಯನ್ನು ಬೆಳಕಿಗೆ ಹಿಡಿದಿದ್ದ. ಎದುರಿಗೆ ನಿಂತವಳು ದಿನ ತುಂಬದೆ ಹುಟ್ಟಿದ ಶಿಶುಗಳ ವಾರ್ಡಿನ ದಾದಿ. ನಿಯಮ ಹೇಳುವಾಗ ತನ್ನ ದನಿ ಗಂಭೀರವಾಗುತ್ತದೆಂದು ಅವನ ನಂಬಿಕೆ. ಮೂಗಿನಿಂದ ಬರುತ್ತದೆಂದು ಹೆಂಡತಿಯ ಅಭಿಪ್ರಾಯ.

ರಾದೊಯ್ಕಾ: ಒಂಬೈನೂರು ಗ್ರಾಂ ಕೂಸು ಸಾಹೇಬ್ರೇ. ಮೈಯಲ್ಲಿರೋ ರಕ್ತವೆಲ್ಲ ಸೇರಿಸಿದ್ರೂ ನಿಮ್ಮ ಈ ಕಾಫಿ ಬಟ್ಟಲು ತುಂಬುತ್ತೆ, ಅಷ್ಟೇ.

ಸ್ವೆತೋಜಾರ್ ತುಟಿಗೆತ್ತಿದ್ದ ಬಟ್ಟಲನ್ನು ಹಾಗೇ ಕೆಳಗಿಟ್ಟ.

ಸ್ವೆತೋಜಾರ್: ಯಂತ್ರ ಕೇಳುತ್ತಲ್ಲಮ್ಮ.

ರಾದೊಯ್ಕಾ: ಎಷ್ಟು ಕೇಳುತ್ತೆ?

ಸ್ವೆತೋಜಾರ್: ಎರಡು ಮೂರು ಹನಿ. ಆದ್ರೆ ಗೆರೆವರೆಗೆ ತುಂಬದಿದ್ರೆ ಅದರ ಸೂಜಿಗೆ ಎಟುಕಲ್ಲ.

ರಾದೊಯ್ಕಾ: ಮಿಕ್ಕಿದ್ದು?

ಸ್ವೆತೋಜಾರ್: ಮೂರು ದಿನ ಫ್ರಿಜ್ಜಲ್ಲಿಟ್ಟು ಎಸೀತೀವಿ. ಕ್ರಮಬದ್ಧವಾಗಿ.

ರಾದೊಯ್ಕಾ: ಪುಟ್ಟ ನಳಿಕೆ ತರಿಸಿದ್ರಲ್ಲ, ಅವೆಲ್ಲಿ?

ಸ್ವೆತೋಜಾರ್: ಬೀರುವಲ್ಲಿ. ಅವು ಯಂತ್ರದಲ್ಲಿ ಕೂರಲ್ಲ. ಒಂದೊಂದನ್ನೂ ಕೈಯಲ್ಲೇ ಮಾಡಬೇಕು.

ರಾದೊಯ್ಕಾ: ಯಾರು?

ಸ್ವೆತೋಜಾರ್: ಅದೇ ತೊಂದರೆ. ನಾನು.

ರಾದೊಯ್ಕಾ: ನಿಮ್ಮ ಗೆರೆಗೆ ತೆಗೆದೂ ತೆಗೆದೂ ಕೂಸಿನ ಮೈಗೇ ರಕ್ತ ಸಾಲದೆ, ಮೂರು ಸಲ ಹೊರಗಿನ ರಕ್ತ ಏರಿಸಿದ್ದಾಯ್ತು. ನಾಳೆ ನಾಲ್ಕನೇ ಸಲ ಬೇಕೋ ಬೇಡ್ವೋ ಅಂತ ತಿಳಿಯೋಕೇ ಈ ಪರೀಕ್ಷೆ.

ಸ್ವೆತೋಜಾರನ ಎದೆ ತುಸು ಉಬ್ಬಿತು. ರಕ್ತದಾನವೇ ಅವನ ಬದುಕಿನ ಏಕೈಕ ದೊಡ್ಡಸ್ತಿಕೆ. ದಾನಕ್ಕೆ ಸಿಗುವ ಎರಡು ದಿನದ ರಜೆಯಲ್ಲಿ ಮೀನಿಗೆ ಗಾಳ ಹಾಕುತ್ತಾನೆಂಬುದನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಸ್ವೆತೋಜಾರ್: ರಕ್ತಕ್ಕೇನು ಕೊರತೆ? ಹೋದ ತಿಂಗಳು ನಾನೇ ಒಂದು ಚೀಲ ಕೊಟ್ಟಿದ್ದೀನಿ.

ರಾದೊಯ್ಕಾ: ಆ ಚೀಲವನ್ನೇ ನಾಲ್ಕು ಪಾಲು ಮಾಡಿ ಈ ಕೂಸಿಗೆ ಇಟ್ಟಿರೋದು. ಆ ಕಡೆಯಿಂದ ನೀವೇ ತುಂಬ್ತೀರಿ, ಈ ಕಡೆಯಿಂದ ನೀವೇ ಬಗ್ಗಿಸ್ಕೊಂಡು ಚೆಲ್ತೀರಿ.

ಸ್ವೆತೋಜಾರ್: ಅಂದ್ರೆ ಇದರಲ್ಲಿರೋದು...

ರಾದೊಯ್ಕಾ: ಹೆಚ್ಚುಕಮ್ಮಿ ನಿಮ್ದೇ.

ತನ್ನ ರಕ್ತವನ್ನು ತಾನೇ ನಾಪಾಸು ಮಾಡಿದ ಮನುಷ್ಯ ಎರಡು ಸಲ ಕನ್ನಡಕ ಹುಡುಕಿದ. ಅದು ಹಣೆಯ ಮೇಲಿತ್ತು. ಆಮೇಲೆ ಉಸಿರು ಬಿಗಿಹಿಡಿದು ಕೈಯಿಂದಲೇ ಹನಿ ಹೀರಿ, ಇಪ್ಪತ್ತು ನಿಮಿಷ ಬೆವತು, ಪರೀಕ್ಷೆ ಮುಗಿಸಿದ.

ಸ್ವೆತೋಜಾರ್: ಕೂಸಿಗೆ ರಕ್ತ ಸಾಕಷ್ಟಿದೆ. ನಾಳೆ ಏರಿಸೋದು ಬೇಡ. ಪುಟ್ಟ ನಳಿಕೆ ಡಬ್ಬಿ ಪೂರ್ತಿ ತಗೊಂಡು ಹೋಗಿ.

ರಾದೊಯ್ಕಾ: ಇನ್ನೇನಾದ್ರೂ ನಿಯಮ ಉಂಟಾ?

ಸ್ವೆತೋಜಾರ್: ಒಂದೇ ಒಂದು. ಆ ಕೂಸಿನ ರಕ್ತಕ್ಕೆ ಕೊಬ್ಬಿನ ಪರೀಕ್ಷೆ ಮಾತ್ರ ಬರೆಸ್ಬೇಡಿ ಸಿಸ್ಟರ್. ನಾನು ಹಂದಿಮಾಂಸ ಬಿಟ್ಟಿದ್ದೀನಿ ಅಂತ ನಮ್ಮನೆಯವಳು ನಂಬಿದ್ದಾಳೆ.