ಸ್ಟ್ಯಾಂಪಿನ ಹಿಂಬದಿ

ಬೇಡದ ವಸ್ತುವನ್ನು ಎಸೆಯದೆ ಇಟ್ಟುಕೊಂಡವನನ್ನು ಜನ ಸೋಮಾರಿ ಎನ್ನುತ್ತಾರೆ. ಅದೇ ವಸ್ತುವನ್ನು ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟರೆ ಹವ್ಯಾಸಿ ಎನ್ನುತ್ತಾರೆ. ನಾನು ಎರಡನೆಯ ಜಾತಿಯ ಸೋಮಾರಿ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ನನ್ನ ಬಳಿ ಹನ್ನೊಂದು ಡಬ್ಬಿ ಹಳೆಯ ಸ್ಟ್ಯಾಂಪುಗಳಿವೆ. ಅಪರೂಪದ ಸಂಗ್ರಹವಿರಬೇಕು ಎಂದು ನೀವು ಭಾವಿಸಿದರೆ ಅದು ನಿಮ್ಮ ದೊಡ್ಡ ಮನಸ್ಸು. ಒಂದೇ ಟ್ರ್ಯಾಕ್ಟರಿನ ಚಿತ್ರವಿರುವ ಸ್ಟ್ಯಾಂಪೇ ಎಂಟು ಕಟ್ಟು ಇದೆ. ಅಷ್ಟು ಟ್ರ್ಯಾಕ್ಟರು ನಮ್ಮ ಜಿಲ್ಲೆಯ ಗದ್ದೆಗಳಲ್ಲೂ ಇರಲಿಕ್ಕಿಲ್ಲ. ಇವುಗಳನ್ನು ಎಲ್ಲಾದರೂ ಅಂಟಿಸಿಡಲು ಒಂದು ಆಲ್ಬಂ ಕೊಳ್ಳಬೇಕೆಂದು ಮೂವತ್ತೈದು ವರ್ಷಗಳಿಂದ ಗಂಭೀರವಾಗಿ ಚಿಂತಿಸುತ್ತಿದ್ದೇನೆ.

ಈ ವರ್ಷ ಕುಲಶೇಖರದಲ್ಲಿದ್ದ ನಮ್ಮ ದೊಡ್ಡ ಮನೆ ಬಿಟ್ಟು ಫಳ್ನೀರಿನ ಎರಡು ಕೋಣೆಯ ಫ್ಲಾಟಿಗೆ ಹೋಗುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ನನ್ನ ಹೆಂಡತಿ ರೋಹಿಣಿ, ನನಗೆ ತಿಳಿಸಲಾಯಿತು. ಅವಳು ಆಯುಷ್ಯವಿಡೀ ನರ್ಸ್ ಆಗಿದ್ದವಳು. ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಿ ತೆಗೆಯಬೇಕು ಎಂಬ ವಿಷಯದಲ್ಲಿ ಅವಳಿಗೆ ಗೊಂದಲವಿಲ್ಲ.

"ಈ ಡಬ್ಬಿಗಳು ಫ್ಲಾಟಿಗೆ ಬರುದಾದ್ರೆ ನಾನು ಬರುದಿಲ್ಲ. ನೀವೇ ಆಲೋಚನೆ ಮಾಡಿ ಮಾರಾಯ್ರೆ" ಎಂದಳು. ನಾನು ನಿಜವಾಗಿಯೂ ಆಲೋಚನೆ ಮಾಡುತ್ತ ಕುಳಿತದ್ದನ್ನು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು.

ಮೊದಲು ಪಕ್ಕದ ಮನೆಯ ಪುಟ್ಟ ಹುಡುಗಿಗೆ ಒಂದು ಡಬ್ಬಿ ದಾನ ಮಾಡಿದೆ. "ಸ್ಟಿಕ್ಕರಾ ಅಂಕಲ್?" ಎಂದು ಸಂಭ್ರಮದಿಂದ ಒಯ್ದವಳು ಹತ್ತೇ ನಿಮಿಷದಲ್ಲಿ "ಇದು ಅಂಟುದೇ ಇಲ್ಲ" ಎಂದು ವಾಪಸು ತಂದಳು. ಆಮೇಲೆ ಪಡೀಲಿನ ಲ್ಯಾನ್ಸಿಗೆ ಫೋನ್ ಮಾಡಿದೆ. ಲ್ಯಾನ್ಸಿ ನನ್ನ ಹಳೆಯ ಗೆಳೆಯ, ನಿಜವಾದ ಸ್ಟ್ಯಾಂಪ್ ಸಂಗ್ರಾಹಕ. ಅಂದರೆ ಅವನ ಬಳಿ ಆಲ್ಬಂ ಉಂಟು, ಭೂತಗನ್ನಡಿ ಉಂಟು, ಮುಖದ ಮೇಲೆ ಬೇರೆಯವರ ಸಂಗ್ರಹದ ಬಗ್ಗೆ ಒಂದು ಕನಿಕರವೂ ಉಂಟು. ಮರುದಿನವೇ ಬಂದು ನಮ್ಮ ಚಾವಡಿಯಲ್ಲಿ ಡಬ್ಬಿಗಳ ನಡುವೆ ಕುಳಿತ. ರೋಹಿಣಿ ಅಲ್ಲೇ ಪಿಂಗಾಣಿ ತಟ್ಟೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು.

"ಎಂತ ಮಾಸ್ಟ್ರೇ ಇದು? ಒಂದನ್ನೇ ನೂರು ಸಲ ಇಟ್ಟಿದ್ದೀರಿ!" ಎಂದು ಲ್ಯಾನ್ಸಿ ಕಟ್ಟುಗಳನ್ನು ಒಂದೊಂದಾಗಿ ಬದಿಗೆ ತಳ್ಳುತ್ತ ಹೋದ. ಕೊನೆಗೆ ನೀಲಿ ಬಣ್ಣದ ಒಂದು ಕಟ್ಟಿನ ಮೇಲೆ ಅವನ ಕೈ ನಿಂತಿತು. ಅವು ಮಸ್ಕತ್ತಿನವು. ಮದುವೆಯಾದ ವರ್ಷವೇ ರೋಹಿಣಿ ಅಲ್ಲಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗಿದ್ದಳು. ವಾರಕ್ಕೊಂದು ಕಾಗದ ಬರೆಯುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ತುಳು, ಕಾಗದ ಮಾತ್ರ ಕನ್ನಡದಲ್ಲಿ; ಹೀಗಾಗಿ ನಮ್ಮ ಜಗಳವೆಲ್ಲ ತುಳುವಿನಲ್ಲೂ ಪ್ರೀತಿಯೆಲ್ಲ ಕನ್ನಡದಲ್ಲೂ ಇದೆ. ಆಗಿನ ವಿಮಾನದ ಅಂಚೆಯ ನೀಲಿ ಕಾಗದ ನಿಮಗೆ ನೆನಪಿರಬಹುದು. ಒಂದೇ ಹಾಳೆ, ಒಳಗೆ ಬರೆದು, ಮಡಚಿ ಅಂಟಿಸಿದರೆ ಅದೇ ಲಕೋಟೆ. ಹೊರಗಿನ ಸ್ಟ್ಯಾಂಪನ್ನು ಕತ್ತರಿಸಿದರೆ ಒಳಗಿನ ಬರಹಕ್ಕೂ ಒಂದು ಚೌಕದ ತೂತು ಬೀಳುತ್ತದೆ. ಕಾಗದ ಬಂದ ಕೂಡಲೇ ನಾನು ಕತ್ತರಿ ಹುಡುಕುತ್ತಿದ್ದೆ. ಸ್ಟ್ಯಾಂಪು ಡಬ್ಬಿ ಸೇರಿದ ಮೇಲೆ ಉಳಿದದ್ದನ್ನು ಓದುತ್ತಿದ್ದೆ. ತೂತಿನ ಜಾಗದಲ್ಲಿ ಹವಾಮಾನದ ವಿಷಯ ಇದ್ದಿರಬಹುದು ಎಂದು ಊಹಿಸಿಕೊಳ್ಳುತ್ತಿದ್ದೆ. ಉಳಿದ ಕಾಗದಗಳನ್ನು ಒಂದು ಮಳೆಗಾಲದಲ್ಲಿ ಒರಲೆ ಹುಳುಗಳು ತಿಂದವು. ಸ್ಟ್ಯಾಂಪುಗಳನ್ನು ಮಾತ್ರ ನಾನು ಡಬ್ಬಿಯಲ್ಲಿ ಭದ್ರವಾಗಿ ಇಟ್ಟಿದ್ದೆನಲ್ಲ!

ಲ್ಯಾನ್ಸಿ ಒಂದು ಚೂರನ್ನು ಮಗುಚಿ ಭೂತಗನ್ನಡಿ ಹಿಡಿದ. "ಹಿಂದೆ ಏನೋ ಬರೆದದ್ದು ಉಂಟು ಮಾಸ್ಟ್ರೇ. 'ಇಲ್ಲಿ ನನ್ನಿಂದ ಆಗುವುದಿಲ್ಲ. ಕೆಲಸ ಬಿಟ್ಟು ಊರಿಗೆ ಬರಲೇ? ನೀವು ಹೂಂ ಎಂದರೆ...' ಅಷ್ಟೇ. ಮುಂದಿನದು ಕತ್ತರಿಸಿ ಹೋಗಿದೆ" ಎಂದು ಗಟ್ಟಿಯಾಗಿ ಓದಿ ಹೇಳಿದ.

ಪೇಪರಿನ ಸದ್ದು ನಿಂತಿತು. ರೋಹಿಣಿ ಎದ್ದು ಬಂದು ಆ ಚೂರನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಓದಿ ನೋಡಿದಳು.

"ಇದಕ್ಕೆ ನೀವು ಎಂತ ಉತ್ತರ ಬರೆದದ್ದು, ನೆನಪುಂಟಾ?" ಎಂದು ಕೇಳಿದಳು.

ನಾನು ಇಲ್ಲವೆಂದು ತಲೆಯಾಡಿಸಿದೆ.

"ನನಗೆ ನೆನಪುಂಟು. ಪೋಸ್ಟಾಫೀಸಿನವರಿಗೆ ಮುದ್ರೆ ಸ್ವಲ್ಪ ಮೆಲ್ಲ ಒತ್ತಲು ಹೇಳು, ಸ್ಟ್ಯಾಂಪಿನ ಹಡಗಿನ ಚಿತ್ರ ಕಾಣುವುದಿಲ್ಲ ಅಂತ ಬರೆದಿದ್ದಿರಿ. ಓದಿ ಎರಡು ದಿನ ಅತ್ತೆ. ಮತ್ತೆ ಎರಡು ವರ್ಷದ ಕಾಂಟ್ರಾಕ್ಟಿಗೆ ಸೈನ್ ಹಾಕಿದೆ."

ಲ್ಯಾನ್ಸಿ ಅಷ್ಟು ಬೇಗ ಎದ್ದದ್ದನ್ನು ನಾನು ಎಂದೂ ಕಂಡಿಲ್ಲ. "ಸಿಸ್ಟರ್, ನನಗೆ ಬಸ್ಸಿಗೆ ಹೊತ್ತಾಯಿತು" ಎಂದವನು ಚಹಾ ಕೂಡ ಕುಡಿಯದೆ, ಭೂತಗನ್ನಡಿಯನ್ನೂ ಬಿಟ್ಟು ಓಡಿದ.

ಡಬ್ಬಿಗಳನ್ನು ಗುಜರಿಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಒಂದು ಲೆಕ್ಕದಲ್ಲಿ ಅದೇ ಆಗಲಿ ಎಂದೂ ಆಸೆಪಟ್ಟಿದ್ದೆ, ಸಾಕ್ಷ್ಯ ನಾಶವಾಗುತ್ತಿತ್ತು. ಆದರೆ ಹತ್ತು ಡಬ್ಬಿ ಗುಜರಿಗೆ ಹೋದರೂ ಮಸ್ಕತ್ತಿನ ಕಟ್ಟಿದ್ದ ಡಬ್ಬಿಯನ್ನು ರೋಹಿಣಿ ತನ್ನ ಸೀರೆಗಳ ನಡುವೆ ಇಟ್ಟು ತಾನೇ ಫ್ಲಾಟಿಗೆ ತಂದಳು. ಈಗ ದಿನಾ ಊಟವಾದ ಮೇಲೆ ಬಾಲ್ಕನಿಯಲ್ಲಿ ಕುಳಿತು ನಾನು ಹತ್ತು ಚೂರಿನ ಹಿಂಬದಿ ಓದಬೇಕು, ಗಟ್ಟಿಯಾಗಿ. 'ಬಂಗುಡೆ ತಿನ್ನದೆ ತಿಂಗಳಾಯಿತು, ನೀವಾದರೂ', 'ರೂಮಿನ ಉಳಿದವರು ಮಲಗಿದ ಮೇಲೆ ನಿಮ್ಮ', 'ಜ್ವರ ಇತ್ತು, ಹೇಳಬಾರದೆಂದಿದ್ದೆ, ಆದರೆ'. ಪ್ರತಿಯೊಂದು ಚೂರನ್ನೂ ನಾನು ಎಂಥ ಕುಶಲತೆಯಿಂದ, ಅಂಚು ಸ್ವಲ್ಪವೂ ಹರಿಯದಂತೆ ಕತ್ತರಿಸಿದ್ದೇನೆ ಎಂದರೆ, ಒಂದರಲ್ಲೂ ಮಾತು ಪೂರ್ತಿಯಾಗಿಲ್ಲ.

ನಿನ್ನೆ ತಡೆಯಲಾರದೆ ನನ್ನ ಪರವಾಗಿ ವಾದಿಸಿದೆ. "ನನ್ನದು ತಪ್ಪೇ. ಆದರೆ ನೀನೂ ಅಷ್ಟು ಮುಖ್ಯವಾದ ಮಾತನ್ನು ಸರಿಯಾಗಿ ಸ್ಟ್ಯಾಂಪಿನ ಹಿಂದೆಯೇ ಬರೆಯಬೇಕಿತ್ತಾ? ಕಾಣುವ ಜಾಗದಲ್ಲಿ ಬರೆದಿದ್ದರೆ ನಾನು ಖಂಡಿತ ಓದುತ್ತಿದ್ದೆ."

ರೋಹಿಣಿ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಮುಂದಿನ ವಾರದ ಕಾಗದದಲ್ಲಿ ಅದನ್ನೇ ಮೊದಲನೇ ಸಾಲಿನಲ್ಲಿ ಬರೆದಿದ್ದೆ ಮಾರಾಯ್ರೆ. ಆ ಸಾಲಿನ ಹಿಂದೆ ಸ್ಟ್ಯಾಂಪು ಇರಲಿಲ್ಲ" ಎಂದಳು.

ಅದಕ್ಕೆ ನಾನು ಎಂತ ಉತ್ತರ ಬರೆದಿದ್ದೆ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.