ದೊಡ್ಡವ್ವಾರ ಕೆಟ್ಟ ಬಾವಿ

ದೊಡ್ಡ ಬ್ಯಾನಿ ಬಂದಾಗ ಊರು ಅಳತೈತಿ, ಖರೆ. ಆದ್ರ ಬ್ಯಾನಿ ಬೆನ್ನ ಹತ್ತಿ ತಿರುಗೋ ನಮ್ಮಂಥವರ ಮುಂದ ನಗೂವಂಥಾವೂ ನಡಕೋತನ ಇರತಾವ. ನಾ ಆರೋಗ್ಯ ಇಲಾಖೆದಾಗ ಬ್ಯಾನಿ ಬರದಂಗ ಮಂದಿಗೆ ಸೂಜಿ ಮಾಡೋ ನೌಕರಿ ಮಾಡಿದವ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ತಾಲೂಕಿನ ಧೂಳಿ ನನ್ನ ಸೈಕಲ್ಲಿಗೆ ಹತ್ತೈತಿ. ಮಂದಿ ನನ್ನ ಹೆಸರು ಮರತು ‘ಸೂಜಿ ಸಾಹೇಬ’ ಅಂತಿದ್ರು. ಸಿಟ್ಟು ನನಗ ಲಗೂ ಬರತಿತ್ತು, ಅದೂ ಖರೆ.

ಈಗ ಹೇಳೂದು ಎಪ್ಪತ್ತರ ದಶಕದ ಒಂದು ಬ್ಯಾಸಗಿ ಮಾತು. ಮನಗೂಳಿಗೂ ಮಸೂತಿಗೂ ನಡುವ ಒಂದು ಊರು. ಹೆಸರು ಹೇಳೂದಿಲ್ಲ, ಅವರ ಮೊಮ್ಮಕ್ಕಳು ಈಗೂ ನನಗ ಚಾ ಕುಡಸ್ತಾರ. ಆ ಊರಾಗ ಸಿಹಿನೀರಿನ ಬಾವಿ ಇದ್ದದ್ದು ಒಂದ. ಅದು ಗೌಡರ ತಾಯಿದು. ಊರೆಲ್ಲಾ ಆ ಮುದುಕಿಗೆ ‘ದೊಡ್ಡವ್ವಾರು’ ಅಂತಿತ್ತು. ಮ್ಯಾಲಿನ ಓಣಿಯವರು ಅಲ್ಲಿ ಕೊಡ ತುಂಬತಿದ್ರು. ಕೆಳಗಿನ ಕೇರಿಯವರು ಬಾವಿ ಕಟ್ಟಿ ಮುಟ್ಟುವಂಗಿರಲಿಲ್ಲ. ಅವರು ಹಳ್ಳದ ಉಸುಕು ಕೆದರಿ ಒರತಿ ಮಾಡಿ, ಬಟ್ಟಲಲೆ ಗೋರಿ ಗೋರಿ ಕೊಡ ತುಂಬಬೇಕು. ಅದೇ ಹಳ್ಳದಾಗ ದನಾನೂ ಮೀಯತಿದ್ವು. ವಾಂತಿಭೇದಿ ಬ್ಯಾನಿ ಬಂದದ್ದು ಅಲ್ಲಿಂದ. ಸರಕಾರಿ ಕಾಗದದಾಗ ಅದಕ್ಕ ಕಾಲರಾ ಅಂತಿದ್ರು.

1. ಗಂಡನ ಹೆಸರು

ಸೂಜಿ ಮಾಡಾಕ ಚಾವಡ್ಯಾಗ ಟೇಬಲ್ ಹಾಕಿದ್ನಿ. ಮೀಸಿ ಇದ್ದ ಗಂಡಸರೆಲ್ಲಾ ಹೊಲದಾಗ ಕೆಲಸ ಐತಿ ಅಂತ ಎದ್ದು ಹೋದ್ರು. ಬ್ಯಾಸಗ್ಯಾಗ ಹೊಲದಾಗ ಅದೆಂಥಾ ಕೆಲಸ ಅಂತ ಹೋಗಿ ನೋಡಿದ್ರ, ಕಣಿಕಿ ಬಣವಿ ಹಿಂದ ಕುಂತು ಬೀಡಿ ಸೇದಾಕತ್ತಿದ್ರು. ಹೆಣಮಕ್ಕಳು ಮಾತ್ರ ಬಂದು ಪಾಳಿ ಹಚ್ಚಿದ್ರು.

ಹಚ್ಚಿದ ಪಾಳಿ ಮುಂದ ಸರೀವಲ್ದು. ಯಾಕಂದ್ರ ನನ್ನ ರಜಿಸ್ಟರದಾಗ ಗಂಡನ ಹೆಸರಿಗೆ ಒಂದು ಜಾಗಾ ಇತ್ತು. ಯಾವ ಹೆಣಮಗಳು ಗಂಡನ ಹೆಸರು ಬಾಯಿ ಬಿಟ್ಟು ಹೇಳತಾಳ? ಹೇಳಬೇಕಂದ್ರ ಒಡಪು ಕಟ್ಟಿ ಹೇಳಬೇಕು. ಮೊದಲನೆಯಾಕಿ ಸೆರಗು ಸರಿ ಮಾಡಿಕೊಂಡು ಶುರು ಮಾಡಿದ್ಲು: “ಹಿತ್ತಾಳಿ ತಾಟಿನ್ಯಾಗ ಹೋಳಿಗಿ ಇಟ್ಟೇನಿ, ಬಣವಿ ಹಿಂದ ಕುಂತ ಮಲ್ಲಪ್ಪನ ಪಾಲಿನ ಸೂಜಿಗೆ ನಾನೇ ಕೈ ಕೊಟ್ಟೇನಿ.”

ಪಾಳಿಗೆ ಪಾಳಿನ ನಕ್ಕಿತು. ಎರಡನೆಯಾಕಿ ಅದಕಿಂತಾ ಚಲೋದು ಕಟ್ಟಬೇಕಂತ ಯೋಚನಿ ಮಾಡಕೋತ ನಿಂತ್ಲು. ಒಂದು ತಾಸಿನ್ಯಾಗ ಏಳು ಸೂಜಿ. ನನ್ನ ಸಿಟ್ಟು ನೆತ್ತಿಗೇರಿತು. “ಗಂಡನ್ನ ಬಿಡ್ರೆವಾ, ನಿಮ್ಮ ನಿಮ್ಮ ಹೆಸರು ಹೇಳ್ರಿ, ಸಾಕು” ಅಂದ್ನಿ. ಸೊಸಿ, ಅತ್ತಿ, ಇಂಥವನ ಅವ್ವ ಅಂತ ಬಾಳಿದವರಿಗೆ ಅವರ ಹೆಸರು ಯಾರೂ ಕೇಳಿರಲಿಲ್ಲ. ಒಬ್ಬಾಕಿ ಅಂತೂ ನಾ ಬರಕೊಂಡಿದ್ದನ್ನ ಎರಡು ಸಲ ಓದಿಸಿ ಕೇಳಿದ್ಲು.

ಪಾಳಿಯಿಂದ ನಾಕು ಮಾರು ದೂರ, ಕೆಳಗಿನ ಕೇರಿಯಾಕಿ ಒಬ್ಬಾಕಿ ಕೂಸನ್ನ ಬಗಲಾಗ ಇಟಕೊಂಡು ನಿಂತಿದ್ಲು. ತನ್ನ ಹೆಸರು, ಗಂಡನ ಹೆಸರು ಎರಡೂ ಪಟಪಟ ಹೇಳಿದ್ಲು. “ದೊಡ್ಡ ಮಗಳು ಎಂಟು ದಿನದ ಹಿಂದ ಇದೇ ಬ್ಯಾನ್ಯಾಗ ಹೋದ್ಲರಿ. ಇದೊಂದು ಉಳದೈತಿ. ಸೂಜಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ನೀರಿಂದೇನ್ ಮಾಡ್ತೀರಿ?” ಅಂದ್ಲು. ಸೂಜಿ ಮಾಡಿ, ನೀರು ಕಾಸಿ ಆರಿಸಿ ಕುಡಿಯೂದು, ವಾಂತಿಭೇದಿ ಆದ್ರ ಅದರಾಗ ಬೆಲ್ಲ ಉಪ್ಪು ಹಾಕಿ ಕುಡಸೂದು ಹೇಳಿಕೊಟ್ನಿ. ಮುಂದ ಈಕಿಗೆ ಕೂಸಿನ ತಾಯಿ ಅಂತೇನಿ.

ಸಂಜಿಗೆ ಬಣವಿ ಹಿಂದಿನ ಗಂಡಸೊಬ್ಬ ಬಂದು, “ನಮ್ಮಾಕಿಗೆ ಸೂಜಿ ಆಗೈತೇನು ನೋಡ್ರಿ” ಅಂದ. “ಆಕಿ ಹೆಸರೇನು?” ಅಂದ್ನಿ. ತಲಿ ಕೆರಕೊಂಡ. “ಲಗ್ನದಾಗ ಹೇಳಿದ್ರರಿ,” ಅಂದ, “ಆಮ್ಯಾಲೆ ಕೆಲಸ ಬಿದ್ದಿಲ್ಲ.”

2. ಗಡಿ ಕಾವಲು

ಬ್ಯಾನಿ ಇರೂತನಕ ಬ್ಯಾರೆ ಊರಿಗೆ ಹೋಗಬ್ಯಾಡ್ರಿ, ಬೀಗರನ್ನ ಕರಸಬ್ಯಾಡ್ರಿ ಅಂತ ಗಂಟಲ ಹರಕೊಂಡ್ನಿ. ಕೇಳಿದವರು ಯಾರೂ ಇಲ್ಲ.

ಒಂದು ಮಂಗಳವಾರ ಹಿರ್ಯಾರು ಸೇರಿ ಒಂದು ಸಣ್ಣ ಕಟಗಿ ಬಂಡಿ ಮಾಡಿಸಿ, ಅರಿಶಿಣ ಕುಂಕುಮ ಹಚ್ಚಿ, ಬೇವಿನ ತಪ್ಪಲ ಹಾಸಿ, ಬ್ಯಾನಿ ತರೋ ದೇವತಿ ಬ್ಯಾನಿಯವ್ವನ್ನ ಅದರಾಗ ಕುಂಡರಿಸಿದ್ರು. ವಾಲಗ ಊದಿಸಿ, ಬಂಡಿ ಎಳಕೊಂಡು ಹೋಗಿ ಗಡಿ ಆಚೆ ಬಿಟ್ಟು ಬಂದ್ರು. ಹಿಂಗ ಮಾಡಿದ್ರ ಬ್ಯಾನಿ ಮುಂದಿನ ಊರಿಗೆ ಹೋಗತೈತಿ ಅಂತ ಹಳೇ ರೂಢಿ. ಮುಂದಿನ ಊರವರೇನು ಹುಚ್ಚರಲ್ಲ. ಮಧ್ಯಾಹ್ನಕ್ಕ ಅವರೂ ವಾಲಗ ಊದಿಸಿಕೋತ ಬಂದು ಬಂಡಿ ಈಚೆ ಬಿಟ್ಟು ಹೋದ್ರು. ಆ ಅವ್ವ ಒಂದ ದಿನದಾಗ ಮೂರು ಸಲ ಗಡಿ ದಾಟಿದ್ಲು.

ಕಡೀಕ ಎರಡೂ ಊರವರು ಬಂಡಿನ್ನ ಗಡಿ ಕಲ್ಲಿನ ಮ್ಯಾಲೆ ಇಟ್ಟು, ಎರಡೂ ಕಡೆ ಬಡಿಗಿ ಹಿಡದ ಕಾವಲು ಹಾಕಿದ್ರು. ನಮ್ಮ ಕಡೆ ಕಾವಲು ಹಾಕಿದವರು ಗೌಡರು. ‘ಯಾರನ್ನೂ ಒಳಗ ಬಿಡಬ್ಯಾಡ್ರಿ, ನಮ್ಮಪ್ಪ ಬಂದ್ರೂ ಬಿಡಬ್ಯಾಡ್ರಿ’ ಅಂತ ಹುಕುಂ ಆತು. ನಾ ಹದಿನೈದು ದಿನ ಬಡಕೊಂಡ್ರೂ ಆಗದ್ದು ಒಂದು ಬಂಡಿಯಿಂದ ಆತು.

ಮರುದಿನ ನಮ್ಮ ಇಲಾಖೆ ಸಾಹೇಬರು ತನಿಖೆಗೆ ಜೀಪಿನ್ಯಾಗ ಬಂದ್ರು. ಕಾವಲಿನವರು ತಡದು, “ಒಳಗ ಬಿಡೂದಿಲ್ರಿ. ಅವ್ವ ನಿಮ್ಮ ಜೀಪಿನ ಹಿಂದ ಕುಂತಿದ್ರ ಹೆಂಗ?” ಅಂದ್ರು. ಸಾಹೇಬರು ಕಲತವರು, ಆದ್ರೂ ಒಮ್ಮೆ ಹಿಂದ ತಿರುಗಿ ನೋಡಿದ್ರು. ಆಮ್ಯಾಲೆ ವಾಪಸ್ ಹೋಗಿ, ನನ್ನ ಫೈಲಿನ್ಯಾಗ ‘ಗಡಿ ಬಂದೋಬಸ್ತ್ ಉತ್ತಮ’ ಅಂತ ಬರದ್ರು.

3. ಕೆಟ್ಟದ್ದಕ್ಕ ಎಂಥಾ ಮೈಲಿಗಿ

ಬಾವಿಗೆ ಬ್ಲೀಚಿಂಗ್ ಪುಡಿ ಹಾಕೂದೂ ನನ್ನ ಕೆಲಸ. ಹಳ್ಳದ ಒರತಿಗೆ ಹಾಕಿದ್ರ ನಿಲ್ಲೂದಿಲ್ಲ, ಹೊಸ ನೀರು ಬಂದು ತೊಳಕೊಂಡು ಹೋಗತೈತಿ. ದೊಡ್ಡವ್ವಾರ ಬಾವಿಗೆ ಹಾಕಿದ್ನಿ. ಮರುದಿನ ಮುಂಜಾನೆ ಅವರು ಒಂದು ಗುಟುಕು ಬಾಯಾಗ ಹಾಕ್ಕೊಂಡು, ಉಗುಳಿ, ನನ್ನ ಕರಿಸಿದ್ರು.

“ಏನ್ ಹಾಕೀಪಾ ನಮ್ಮ ಬಾವ್ಯಾಗ?”

“ಔಷಧ ಹಾಕೇನ್ರಿ ದೊಡ್ಡವ್ವಾರ. ಬ್ಯಾನಿ ಹುಳ ಸಾಯತಾವ.”

“ಹುಳ ಸತ್ತ ನೀರು ಕುಡೀಬೇಕೇನು ನಾವು? ಪೂಜಿಗೆ ಬರೂದಿಲ್ಲ, ಬ್ಯಾಳಿ ಕುದಸಾಕ ಬರೂದಿಲ್ಲ. ಕೆಟ್ಟ ಹೋತು ನಮ್ಮ ಬಾವಿ. ಇನ್ನ ಯಾರರ ಒಯ್ಯಲಿ.”

ಸಿಟ್ಟಿನ್ಯಾಗ ಬಂದ ಮಾತು. ನಾ ಅದನ್ನ ನೆಲಕ್ಕ ಬೀಳಗೊಡಲಿಲ್ಲ. “ಯಾರರ ಅಂದ್ರ, ಕೆಳಗಿನ ಕೇರಿಯವರು ಒಯ್ದ್ರೂ ನಡೀತೈತೇನ್ರಿ?”

“ಒಯ್ಯಲಿ. ಕೆಟ್ಟದ್ದಕ್ಕ ಎಂಥಾ ಮೈಲಿಗಿ?”

ಅವರ ಮನಸ್ಸು ತಿರುಗೂದರಾಗ ತಳವಾರನ್ನ ಹಿಡದು ಡಂಗುರ ಹೊಡಿಸಿದ್ನಿ. ಕೆಳಗಿನ ಕೇರಿಯವರು ನಂಬಲಿಲ್ಲ. “ಚಲೋ ಇದ್ದಾಗ ಕೊಡಲಿಲ್ಲ, ಕೆಟ್ಟ ಮ್ಯಾಲೆ ನಮಗ ಕೊಡತಾರೇನು?” ಅಂದ್ರು. ಅವರು ಅಂದದ್ದೂ ತಪ್ಪಲ್ಲ. ನಾ ಕಟ್ಟಿ ಮ್ಯಾಲೆ ನಿಂತು ಒಂದು ತಂಬಗಿ ಗಟಗಟ ಕುಡದು ತೋರಿಸಿದ್ನಿ. ಕೂಸಿನ ತಾಯಿ ನನ್ನ ಮಾರಿ ನೋಡಿದ್ಲು, ಬಗಲಾಗಿನ ಕೂಸಿನ ಮಾರಿ ನೋಡಿದ್ಲು, ಮುಂದ ಬಂದು ಕೊಡ ಇಳಿಸಿದ್ಲು. ಆಕಿ ಹಿಂದ ಒಬ್ಬೊಬ್ಬರ ಬಂದ್ರು.

ಅತ್ತ ದೊಡ್ಡವ್ವಾರು ಔಷಧ ಇಲ್ಲದ ಚೊಕ್ಕ ನೀರು ಬೇಕಂತ ತಾಮ್ರದ ಕೊಡ ತಗೊಂಡು ಹಳ್ಳಕ್ಕ ಹೊಂಟ್ರು. ನಾ ಅಡ್ಡ ನಿಂತು ಕೈ ಮುಗದ್ನಿ. “ಸರೀಪಾ ಅತ್ತಾಗ” ಅಂದ್ರು. ಜನ್ಮದಾಗ ಒರತಿ ಕೆದರಿ ಗೊತ್ತಿಲ್ಲ. ಉಸುಕಿನ್ಯಾಗ ಕುಂತು ಸಾಕಾಗಿ, ದಾರಿಗೆ ಹೊಂಟಿದ್ದ ಕೆಳಗಿನ ಕೇರಿ ಮುದುಕಿನ್ನ ಕೇಳಿದ್ರು. ಆಕಿ ದೂರ ನಿಂತು, ಇಷ್ಟು ಅಗೀರಿ, ಹಿಂಗ ಗೋರ್ರಿ ಅಂತ ಎಲ್ಲಾ ಹೇಳಿಕೊಟ್ಲು. “ಆದ್ರ ನಾವಂತೂ ಇದನ್ನ ಬಿಟ್ಟೇವ್ರೆವಾ,” ಅಂದ್ಲು, “ಬಾವಿ ನೀರು ಭಾಳ ಚಲೋ ಅದಾವ.”

4. ಉಪ್ಪು

ನಾಕು ದಿನಕ್ಕ ಬ್ಯಾನಿ ಕೆಳಗಿನ ಕೇರಿ ಬಿಟ್ಟು ದೊಡ್ಡವ್ವಾರ ಮನಿ ಹೊಕ್ಕಿತು.

ಗೌಡರು ಗಾಬರಿಯಾಗಿ ಡಾಕ್ಟರನ್ನ ಕರಕೊಂಡು ಬರಾಕ ಬಾಗೇವಾಡಿಗೆ ಹೋದ್ರು. ಕರಕೊಂಡೂ ಬಂದ್ರು. ಆದ್ರ ಗಡಿ ಕಾವಲಿನವರು ಒಳಗ ಬಿಡಲಿಲ್ಲ. “ನಾ ಗೌಡ ಅದೀನೋ” ಅಂದ್ರ, “ಗೌಡರ ಹುಕುಂ ಐತ್ರಿ” ಅಂದ್ರು.

ಮನ್ಯಾಗ ಉಳದವರು ನಾನು, ಅಳಕೋತ ಕುಂತ ಸೊಸಿ. ದೊಡ್ಡವ್ವಾರ ಕಣ್ಣು ಒಳಗ ಹೋಗಿದ್ವು, ನಾಲಿಗಿ ಒಣಗಿತ್ತು. ಕಾಸಿ ಆರಿಸಿದ ನೀರಾಗ ಬೆಲ್ಲ, ಚಿಟಿಕಿ ಉಪ್ಪು ಹಾಕಿ ಬಿಡದಂಗ ಕುಡಸಬೇಕು. ಮನ್ಯಾಗ ಇದ್ದದ್ದೆಲ್ಲಾ ಹಳ್ಳದ ನೀರು. ಬಾವಿ ನೀರು ತಂದು, ಕಾಸಿ, ಆರಸೂತನಕ ಮುದುಕಿ ಉಳಿಯೂ ಲಕ್ಷಣ ಕಾಣಲಿಲ್ಲ. ಕಾಸಿದ ನೀರು ಯಾವಾಗಲೂ ಇರತಿದ್ದ ಮನಿ ಊರಾಗ ಒಂದ: ಕೂಸಿನ ತಾಯಿದು. ನಾ ಹೇಳಿಕೊಟ್ಟ ದಿನದಿಂದ ಆಕಿ ಒಂದು ದಿನಾನೂ ತಪ್ಪಿಸಿರಲಿಲ್ಲ. ಓಡಿ ಹೋಗಿ ಕರದ್ನಿ.

ಆಕಿ ಗಡಿಗಿ ಹೊತ್ತು ಬಂದು ಹೊಸ್ತಿಲ ಹೊರಗ ನಿಂತ್ಲು. ಸೊಸಿ ಅತ್ತಿ ಮಾರಿ ನೋಡಿದ್ಲು. ದೊಡ್ಡವ್ವಾರು ಕಣ್ಣು ತಗದು, “ಯಾವ ನೀರು?” ಅಂದ್ರು.

“ನಿಮ್ಮ ಬಾವಿದೇರಿ” ಅಂದ್ನಿ.

“ಕಾಸಿದವರು?”

ಕೂಸಿನ ತಾಯಿ ಹೊಸ್ತಿಲ ಹೊರಗಿಂದನ ಅಂದ್ಲು: “ನಾನೇ ಕಾಸೇನ್ರಿ. ಉಪ್ಪು ಬೆಲ್ಲಾನೂ ನಾನೇ ಹಾಕೇನಿ. ನನ್ನ ಮಗಳಿಗೆ ಇದು ಸಿಗಲಿಲ್ಲ, ನಿಮಗ ಸಿಕ್ಕೈತಿ. ಕುಡೀತೀರೋ ಬಿಡತೀರೋ ಲಗೂ ಹೇಳ್ರಿ, ಮನ್ಯಾಗ ಕೂಸು ಅಳಾಕತ್ತೈತಿ.”

ದೊಡ್ಡವ್ವಾರು ಮ್ಯಾಲಿನ ತೊಲಿ ನೋಡಕೋತ ಬಾಯಿ ತಗದ್ರು. ಕೂಸಿನ ತಾಯಿ ಹೊಸ್ತಿಲ ದಾಟಿ ಬಂದು, ತಲಿ ಎತ್ತಿ ಹಿಡದು, ಗುಟುಕು ಗುಟುಕು ಕುಡಿಸಿದ್ಲು. ಅರ್ಧ ಗಡಿಗಿ ಇಳಿದ ಮ್ಯಾಲೆ ದೊಡ್ಡವ್ವಾರಿಗೆ ಮಾತಾಡೂ ತ್ರಾಣ ಬಂತು.

“ಉಪ್ಪು ಜರಾ ಹೆಚ್ಚಾಗೈತಿ,” ಅಂದ್ರು, “ನಾಳಿಗೆ ಕಡಿಮಿ ಹಾಕ್ಕೊಂಡು ಬಾ.”

5. ವಾಸನಿ

ಮಳಿಗಾಲ ಹಿಡಿಯೂದರಾಗ ಬ್ಯಾನಿ ಹೋತು. ಗಂಡಸರು ಬಣವಿ ಹಿಂದಿಂದ ಎದ್ದು ಬಂದು ಮತ್ತ ಚಾವಡ್ಯಾಗ ಕುಂತ್ರು.

ಒಂದು ದಿನ ಕೂಸಿನ ತಾಯಿ ನನ್ನ ಸೈಕಲ್ ತಡದು ನಿಲ್ಲಿಸಿದ್ಲು. ಅಕ್ಕಪಕ್ಕ ನೋಡಿ, “ಸಾಹೇಬ್ರ, ಬಾವಿಗೆ ಇನ್ನೊಂದೀಟು ಪುಡಿ ಹಾಕ್ರಿ. ವಾಸನಿ ಹೋಗಾಕತ್ತೈತಿ” ಅಂದ್ಲು. ನನಗ ತಿಳೀತು. ವಾಸನಿ ಇರೂತನಕ ಬಾವಿ ಕೆಟ್ಟದ್ದು, ಕೆಟ್ಟದ್ದು ಇರೂತನಕ ಕೆಳಗಿನ ಕೇರಿಯವರದೂ. ವಾಸನಿ ಹೋತಂದ್ರ ಆಕಿ ಕೂಸಿನ್ನ ಕಟಗೊಂಡು ಮತ್ತ ಹಳ್ಳಕ್ಕ ಹೋಗಬೇಕು. ಇಲಾಖೆ ಸಾಕು ಅಂದ ಮ್ಯಾಲೂ ಎರಡು ಸಲ ಕದ್ದು ಹಾಕಿದ್ನಿ. ಆಮ್ಯಾಲೆ ನನ್ನ ಡಬ್ಬಿನೂ ಖಾಲಿ ಆತು. ಆಕಿಗೆ ಹೇಳಿದ್ನಿ. ಆಕಿ ಕೊಡ ಎತ್ತಿಕೊಂಡು ಹೋದ್ಲು.

ಒಂದು ತಿಂಗಳಿಗೆ ನೀರು ಮೊದಲಿನಂಗ ಚೊಕ್ಕ ಆದ್ವು. ಹಿರ್ಯಾರು ಬಾವಿ ಕಟ್ಟಿಗೆ ಬಂದ್ರು. ಕೆಳಗಿನ ಕೇರಿ ಹೆಣಮಕ್ಕಳು ಕೊಡ ಹಿಡಕೊಂಡು ಪಾಳ್ಯಾಗ ನಿಂತಿದ್ರು. ನಾನೂ ಒಂದು ಮೂಲ್ಯಾಗ ನಿಂತಿದ್ನಿ, ಕೈಯಾಗ ಖಾಲಿ ಡಬ್ಬಿ. ಹಿರ್ಯಾರು ದೊಡ್ಡವ್ವಾರನ್ನ ಕರಿಸಿ, “ನೀರು ಚಲೋ ಆಗ್ಯಾವ್ರಿ. ಇನ್ನ ಇವರು ಹಳ್ಳಕ್ಕ ಹೋಗಲೇನ್ರಿ? ಬಾವಿ ನಿಮ್ಮದು, ನೀವ ಹೇಳಬೇಕು” ಅಂದ್ರು.

ದೊಡ್ಡವ್ವಾರು ಬಗ್ಗಿ ಒಂದು ಬೊಗಸಿ ನೀರು ಕುಡದ್ರು. ಕಣ್ಣು ಮುಚ್ಚಿ ಇನ್ನೊಂದು ಬೊಗಸಿ ಕುಡದ್ರು. ಸೆರಗಿಲೆ ಬಾಯಿ ಒರಸಿಕೊಂಡು, “ಎಲ್ಲಿ ಚಲೋ ಆಗ್ಯಾವ? ಇನ್ನೂ ವಾಸನಿ ಬರತೈತಿ. ಕೆಟ್ಟ ಬಾವಿ ಇದು. ಯಾರರ ಒಯ್ಯಲಿ” ಅಂದ್ರು.

ಹಿರ್ಯಾರೊಬ್ಬರು ಮೂಸಿ ನೋಡಿ, “ನಮಗೇನೂ ಬರವಲ್ದಲ್ರಿ” ಅಂದ್ರು.

“ನಿನಗ ನೆಗಡಿ ಆಗೈತಿ” ಅಂದ್ರು ದೊಡ್ಡವ್ವಾರು.

ಅಷ್ಟು ಹೇಳಿ ತಮ್ಮ ತಾಮ್ರದ ಕೊಡ ಎತ್ತಿಕೊಂಡು ಪಾಳಿ ಕಡೀಕ ಹೋಗಿ, ಕೂಸಿನ ತಾಯಿ ಹಿಂದ ನಿಂತ್ರು. ಕೂಸು ಅವ್ವನ ಹೆಗಲ ಮ್ಯಾಲಿಂದ ಅವರ ಸೆರಗು ಜಗ್ಗಾಕತ್ತಿತ್ತು. ನನ್ನ ಬಾಯಿ ಸುಮ್ಮನ ಇರೂವಂಥಾದ್ದಲ್ಲ. ಹತ್ತರ ಹೋಗಿ, “ಬಾವಿ ಕೆಟ್ಟೈತಿ ಅಂತೀರಿ. ಮತ್ತ ನೀವ್ಯಾಕ ಕೊಡ ಹಿಡಕೊಂಡು ನಿಂತೀರಿ ದೊಡ್ಡವ್ವಾರ?” ಅಂತ ಕೇಳಿದ್ನಿ.

ಅವರು ಕೂಸಿನ ಕೈಯಿಂದ ಸೆರಗು ಬಿಡಿಸಿಕೊಳ್ಳದನ, “ನನಗ ರೂಢಿ ಆಗೈತಿ” ಅಂದ್ರು.