ಅಪ್ಪನ ತಿಥಿಗೆ ಮೊಳದುದ್ದದ ಲೆನ್ಸು

ಆಫ್ರಿಕಾಕ್ಕೆ ಬಂದ ಮನುಷ್ಯನಿಗೆ ಎರಡರಲ್ಲಿ ಒಂದು ಹಿಡಿದೇ ಹಿಡಿಯುತ್ತದೆ: ಮಲೇರಿಯಾ ಅಥವಾ ಕ್ಯಾಮೆರಾ. ನನಗೆ ಎರಡನೆಯದು ಹಿಡಿಯಿತು. ಮಲೇರಿಯಾ ಆಗಿದ್ದರೆ ನಾನು ಕೆಲಸ ಮಾಡುವ ಔಷಧಿ ಕಾರ್ಖಾನೆಯಲ್ಲೇ ಮಾತ್ರೆ ಸಿಗುತ್ತಿತ್ತು!

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆ. ಇಲ್ಲಿ ಹಕ್ಕಿ ನೋಡಲು ಕಾಡಿಗೆ ಹೋಗಬೇಕಾಗಿಲ್ಲ, ಹಿತ್ತಲ ಬಾಗಿಲು ತೆಗೆದರೆ ಸಾಕು. ಬೆನ್ನಿಗೆ ಮಿರುಗುವ ನೀಲಿ, ಹೊಟ್ಟೆಗೆ ಕಿತ್ತಳೆ ಬಣ್ಣ ಬಳಿದುಕೊಂಡ ಸ್ಟಾರ್ಲಿಂಗ್ ಹಕ್ಕಿಗಳು ಒಗೆಯುವ ಕಲ್ಲಿನ ಮೇಲೆ ಜಗಳವಾಡುತ್ತವೆ. ಮೊದಲ ಸಲ ಅವುಗಳನ್ನು ಕಂಡ ದಿನ ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅರ್ಧ ಗಂಟೆ ನಿಂತಿದ್ದೆ. ಅಷ್ಟು ಸಂತೋಷವಾಗಿತ್ತು. ನೋಡಿ ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಮೊಳದುದ್ದದ ಲೆನ್ಸು ಕೊಂಡೆ. ಆರು ತಿಂಗಳಲ್ಲಿ ಸಾವಿರಾರು ಫೋಟೋ ತೆಗೆದೆ. ಎಲ್ಲದರಲ್ಲೂ ಹಕ್ಕಿ ಆಗಷ್ಟೇ ಎದ್ದುಹೋದ ಕೊಂಬೆ ಬಹಳ ಸ್ಪಷ್ಟವಾಗಿ ಬಂದಿತ್ತು.

"ರೀ, ಮರಗಳ ಫೋಟೋಗ್ರಾಫರ್ ಅಂತ ಹೇಳ್ಕೊಂಡ್ಬಿಡಿ. ಯಾರೂ ಏನೂ ಕೇಳಲ್ಲ," ಎಂದಳು ಹೆಂಡತಿ ವಸುಧಾ.

ಹೀಗಿರುವಾಗ ಅಪ್ಪನ ತಿಥಿ ಬಂತು. ಅಮ್ಮ ಮೂರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದರು. ತಿಥಿಯ ದಿನ ಕಾಗೆಗೆ ಎಡೆ ಇಟ್ಟು, ಅದು ಬಂದು ಮುಟ್ಟಿದ ಮೇಲೆಯೇ ನಮ್ಮ ಊಟ. ಅಮ್ಮನಿಗೆ ಅದೇ ಚಿಂತೆ.

"ಈ ಊರಲ್ಲಿ ಕಾಗೆ ಇದೆಯೇನೋ?"

ತೋರಿಸಿದೆ. ಇಲ್ಲಿಯ ಕಾಗೆಗೆ ಕುತ್ತಿಗೆ, ಎದೆಯೆಲ್ಲ ಬಿಳಿ. ಅಮ್ಮ ಕನ್ನಡಕ ಒರೆಸಿಕೊಂಡು ನೋಡಿದರು.

"ಶಲ್ಯ ಹೊದ್ಕೊಂಡಿದೆ. ನಿಮ್ಮಪ್ಪನೂ ಹೀಗೇ ಹೊದೀತಿದ್ರು. ಆಗಬಹುದು," ಎಂದು ಮಂಜೂರಾತಿ ಕೊಟ್ಟರು.

ಆಗ ನನಗೊಂದು ಮಹಾನ್ ಉಪಾಯ ಹೊಳೆಯಿತು. ಬೇರೆ ಹಕ್ಕಿಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಆದರೆ ತಿಥಿಯ ಕಾಗೆ ಬರಲೇಬೇಕು. ಶಾಸ್ತ್ರವೇ ಹೇಳಿದೆ! ಬಂದು, ಒಂದು ಕಡೆ ಕೂತು, ನಿಧಾನವಾಗಿ ಊಟ ಮಾಡಬೇಕು. ಫೋಟೋ ತೆಗೆಯುವವನಿಗೆ ಇನ್ನೇನು ಬೇಕು?

"ಕಾಗೆಯ ಜವಾಬ್ದಾರಿ ನನಗೆ ಬಿಡಮ್ಮ," ಎಂದೆ.

ತಿಥಿಯ ದಿನ ಮೈಸೂರಿನ ಪುರೋಹಿತರು ಫೋನಿನ ಪರದೆಯಲ್ಲಿ ಕೂತು ಮಂತ್ರ ಹೇಳಿಸಿದರು. ಮಧ್ಯಾಹ್ನ ಒಂದು ಗಂಟೆಗೆ ಹಿತ್ತಲ ಬಾಗಿಲ ಮುಂದಿನ ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಬಾಳೆಲೆ ಹಾಕಿ ಅನ್ನ, ವಡೆ, ಪಾಯಸ ಬಡಿಸಿದೆವು. ನಾನು ಉಟ್ಟ ಪಂಚೆಯಲ್ಲೇ ಓಡಿ, ಹಗ್ಗದ ಮೇಲೆ ಒಣಗುತ್ತಿದ್ದ ಹಸಿರು ಸೀರೆಯ ಹಿಂದೆ ಅಡಗಿ, ಸೀರೆ ಸರಿಸಿ ಲೆನ್ಸು ಹೊರಚಾಚಿದೆ.

"ಅದು ನನ್ನ ಮಡಿ ಸೀರೆ ಕಣೋ! ಕ್ಯಾಮೆರಾ ಹಿಡಿದ ಕೈಯಲ್ಲಿ ಮುಟ್ಟಿದ್ಯಾ?"

ಇದು ಆರಂಭ. ಲೆನ್ಸಿನಲ್ಲಿ ನೋಡಿದರೆ ವಡೆಗಳು ಅನ್ನದ ಹಿಂದೆ ಮರೆಯಾಗಿದ್ದವು. ಹೋಗಿ ಅವನ್ನು ಎಲೆಯ ಅಂಚಿಗೆ ಸಾಲಾಗಿ ಜೋಡಿಸಿದೆ. ಹಿಂದೆ ಸರಿಯುವಷ್ಟರಲ್ಲಿ ಆಕಾಶದಿಂದ ಹದ್ದೊಂದು ಎರಗಿ ಎರಡು ವಡೆ ಎತ್ತಿಕೊಂಡು ಹೋಯಿತು.

"ಅಜ್ಜಿ, ವಾಸ್ ದಟ್ ತಾತ?" ಎಂದಳು ನಮ್ಮ ಹತ್ತು ವರ್ಷದ ಮಗಳು ಅನನ್ಯಾ.

"ನಮ್ಮ ವಂಶದಲ್ಲಿ ಕಿತ್ಕೊಂಡು ತಿನ್ನೋರು ಯಾರೂ ಇಲ್ಲ ಮಗು," ಎಂದರು ಅಮ್ಮ, ನನ್ನನ್ನೇ ನೋಡುತ್ತಾ.

ಕೊನೆಗೂ ಕಾಗೆ ಬಂತು. ಕಾಂಪೌಂಡ್ ಗೋಡೆಯ ಮೇಲೆ ಕೂತಿತು. ಎಲೆ ನೋಡಿತು, ನನ್ನ ಲೆನ್ಸು ನೋಡಿತು, ಹಾರಿ ಪಕ್ಕದ ಮನೆಯ ಹೆಂಚಿನ ಮೇಲೆ ಕೂತಿತು.

"ಪೊಲೆ ಬಾಸ್," ಎಂದು ಸ್ವಾಹಿಲಿಯಲ್ಲಿ ಮರುಕಪಟ್ಟ ಗೇಟಿನ ಕಾವಲುಗಾರ ವಫುಲಾ. ಕಾಗೆ ಬಹಳ ಬುದ್ಧಿವಂತ, ಆ ಉದ್ದನೆಯ ಕೊಳವೆಯನ್ನು ಅದು ಬಂದೂಕು ಅಂದುಕೊಂಡಿದೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದ. ಅವನು ಹೊಲದಲ್ಲಿ ಹಕ್ಕಿ ಓಡಿಸುತ್ತಾ ಬೆಳೆದವನು, ನಾನು ಸರಸ್ವತೀಪುರಂನಲ್ಲಿ ಟ್ಯೂಷನ್‌ಗೆ ಹೋಗಿ ಬೆಳೆದವನು. ಆದರೂ ಹಕ್ಕಿಗಳ ಸ್ವಭಾವದ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟವನು ನಾನು!

ಎರಡೂವರೆಯಾಯಿತು. ಅಮ್ಮ ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಎಪ್ಪತ್ತಾರು ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ.

"ಅತ್ತೆ, ಒಂದು ಬಾಳೆಹಣ್ಣಾದ್ರೂ ತಿನ್ನಿ," ಎಂದಳು ವಸುಧಾ.

"ಅವರು ಮುಟ್ಟದೆ ನಾನು ಹೇಗಮ್ಮಾ ತಿನ್ಲಿ? ಏನೋ ಆಸೆ ಉಳ್ಕೊಂಡಿದೆ ಅವರಿಗೆ. ಕೇಳ್ಕೊಳೋ."

ಕಾಗೆ ಮುಟ್ಟದಿದ್ದರೆ ಹೋದವರಿಗೆ ಮಾತು ಕೊಡುವುದು ನಮ್ಮಲ್ಲಿ ಪದ್ಧತಿ. ಲೆನ್ಸಿನಿಂದ ಕಣ್ಣು ತೆಗೆಯದೆಯೇ ಕೊಟ್ಟೆ.

"ಅಪ್ಪಾ, ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ."

ಕಾಗೆ ಬೆನ್ನು ತಿರುಗಿಸಿತು.

"ದಿನಾ ಸಂಧ್ಯಾವಂದನೆ ಮಾಡ್ತೀನಿ."

ಕಾಗೆ ಇನ್ನೂ ಎರಡು ಹೆಂಚು ಹಿಂದೆ ಸರಿಯಿತು. ನನಗೇ ನಂಬಿಕೆಯಿಲ್ಲದ ಮಾತನ್ನು ಅದು ಹೇಗೆ ನಂಬೀತು?

"ಮಾವ, ಇನ್ಮೇಲೆ ಇವರು ಭಾನುವಾರ ಮನೇಲೇ ಇರ್ತಾರೆ. ತರಕಾರಿ ತರ್ತಾರೆ. ಬಚ್ಚಲು ತೊಳೀತಾರೆ," ಎಂದು ವಸುಧಾ ಕೈಮುಗಿದು ನನ್ನ ಪರವಾಗಿ ಧಾರಾಳವಾಗಿ ಮಾತು ಕೊಟ್ಟಳು. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಇಂಥವರಿಗೇ ಹೇಳಿದ್ದು.

ಅಮ್ಮ ಎದ್ದು ನಿಂತರು. ವಸುಧಾಳ ಭುಜ ಹಿಡಿದುಕೊಂಡರು.

"ಅವರಿಗೆ ಫೋಟೋ ಅಂದ್ರೆ ಆಗ್ತಾನೇ ಇರ್ಲಿಲ್ಲ ಕಣೋ. ನಮ್ಮ ಮದುವೆ ಫೋಟೋದಲ್ಲೂ ಆ ಕಡೆ ತಿರುಗಿದ್ದಾರೆ. ಅದನ್ನ ಒಳಗಿಡು. ಊಟ ಮಾಡ್ಲಿ ಅವರು."

ಆಸರೆ ಹಿಡಿದು ನಿಂತ ಅವರನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಹಸಿದ ತಾಯಿಯನ್ನು ಒಂದೂವರೆ ಗಂಟೆ ಬಿಸಿಲಲ್ಲಿ ಕೂರಿಸಿದ್ದೆ, ಒಂದು ಕಾಗೆಯ ಫೋಟೋಕ್ಕಾಗಿ! ಕ್ಯಾಮೆರಾ ಅವಚಿಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದೆನಷ್ಟೇ, ಬೆನ್ನ ಹಿಂದೆ ರೆಕ್ಕೆಯ ಸದ್ದು.

"ತಿರುಗಬೇಡ!" ಅಮ್ಮ ಪಿಸುಗುಟ್ಟಿದರು. "ಅಲ್ಲಾಡಲೂ ಬೇಡ!"

ನಿಂತೆ. ಆರು ತಿಂಗಳಿಂದ ಕಾದ ಗಳಿಗೆ ನನ್ನ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ಟಕ್ ಟಕ್ ಎಂದು ವಡೆ ಕುಕ್ಕುತ್ತಿತ್ತು. ಬಾಗಿಲ ಚೌಕಟ್ಟನ್ನು ನೋಡುತ್ತಾ ಪೂರ್ತಿ ಊಟವನ್ನು ಕಿವಿಯಲ್ಲೇ ನೋಡಿದೆ.

ಅಮ್ಮ ಎಲೆಯ ಮುಂದೆ ಕೂತು ಮೊದಲ ತುತ್ತು ನುಂಗಿದ ಮೇಲೆ ನನಗೆ ಉಸಿರು ಬಂತು. ಆಗ ಅನನ್ಯಾ ಫೋನು ತಂದು ತೋರಿಸಿದಳು. ಸದ್ದಿಲ್ಲದೆ ಅವಳೊಂದು ಫೋಟೋ ತೆಗೆದಿದ್ದಳು. ಕಾಗೆ ಕೊಕ್ಕಿನಲ್ಲಿ ವಡೆ ಹಿಡಿದು ನೆಟ್ಟಗೆ ನಮ್ಮನ್ನೇ ನೋಡುತ್ತಿತ್ತು. ಅದರ ಹಿಂದೆ, ಬಾಗಿಲಲ್ಲಿ, ನಾನು ಮಸುಕಾಗಿ ಬಂದಿದ್ದೆ. ಅಮ್ಮ ಎಡಗೈಯಲ್ಲಿ ಫೋನು ಹಿಡಿದು ಬಹಳ ಹೊತ್ತು ನೋಡಿದರು.

"ಮೊಮ್ಮಗಳಿಗೆ ಮುಖ ಕೊಟ್ಟಿದ್ದಾರೆ ನೋಡು," ಎಂದು ಕಣ್ಣೊರೆಸಿಕೊಂಡರು.

ಫೋಟೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಯಿತು. ಮೈಸೂರಿನಿಂದ ಸೋದರತ್ತೆಯ ಉತ್ತರ ತಕ್ಷಣ ಬಂತು: "ಕಾಗೆ ಬಹಳ ಚೆನ್ನಾಗಿ ಬಂದಿದೆ ಪುಟ್ಟಿ. ಹಿಂದುಗಡೆ ಬಾಗಿಲಿಗೆ ಒಣಗಿ ಹಾಕಿರೋ ಪಂಚೆ ತೆಗೆದಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."